ಮೊದಲು ಸ್ಟಿಕ್ ಬಿಡಲು ಕಲಿಸಿ

ಮೊನ್ನೆ ಭಾನುವಾರ ಬ್ರಹ್ಮಾವರದ ಹತ್ತಿರ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಆರ್‌ಸಿ ವಿಮಾನ, ಅಂದರೆ ರಿಮೋಟಿನಿಂದ ನಡೆಸುವ ಪುಟ್ಟ ಮಾಡೆಲ್ ವಿಮಾನ, ಹಾರಿಸಲು ಕಲಿಸುತ್ತಿದ್ದೆ. ಏಣೆಲು (ಮಳೆಗಾಲದ ಭತ್ತದ ಬೆಳೆ) ಕಟಾವು ಮುಗಿದು ಗದ್ದೆ ಒಣಗಿತ್ತು. ವಿಮಾನ ದೂರ ಹೋಗುವಾಗ ಚೆನ್ನಾಗಿಯೇ ಹಾರಿಸಿದಳು. ತಿರುಗಿ ನಮ್ಮ ಕಡೆ ಬರುವಾಗ ರಿಮೋಟಿನ ಸ್ಟಿಕ್ ಎಡಕ್ಕೆ ತಳ್ಳಿದಳು, ಅದು ಅವಳ ಬಲಕ್ಕೆ ವಾಲಿತು. ಗಾಬರಿಯಲ್ಲಿ ಇನ್ನೂ ಜೋರಾಗಿ ತಳ್ಳಿದಳು. ಮೂಗು ಕೆಳಗಾಯಿತು.

"ಬಲಗೈ ಸ್ಟಿಕ್ ಬಿಡು ಮಗಳೇ" ಎಂದೆ. ಬಿಟ್ಟಳು. ಸಾಕಷ್ಟು ಎತ್ತರ ಇತ್ತು, ವಿಮಾನ ನಿಧಾನಕ್ಕೆ ತಾನೇ ಸಮಕ್ಕೆ ಬಂತು. ಅವಳ ಮುಖ ನೋಡಬೇಕಿತ್ತು.

ಟ್ರೈನರ್ ವಿಮಾನ, ಅಂದರೆ ಕಲಿಯುವವರಿಗೆಂದೇ ಮಾಡಿದ ವಿಮಾನ, ಇರುವುದೇ ಇದಕ್ಕೆ. ರೆಕ್ಕೆ ಬಾಡಿಯ ಮೇಲ್ಗಡೆ ಇರುತ್ತದೆ, ತುದಿಗಳು ಸ್ವಲ್ಪ ಮೇಲಕ್ಕೆ ಎತ್ತಿಕೊಂಡಿರುತ್ತವೆ. ಒಂದು ಕಡೆ ವಾಲಿ ಜಾರತೊಡಗಿದರೆ ಆ ಕಡೆಯ ರೆಕ್ಕೆಗೆ ಎತ್ತುವ ಬಲ ಜಾಸ್ತಿ ಸಿಗುತ್ತದೆ, ವಿಮಾನ ಸಮಕ್ಕೆ ಬರುತ್ತದೆ. ಹೊಸಬರು ವಿಮಾನ ಬೀಳಿಸುವುದು ಏನೂ ಮಾಡದೆ ಅಲ್ಲ, ಜಾಸ್ತಿ ಮಾಡಿ. ಹಾಗಿರುವಾಗ ಕಲಿಯುವ ಮಕ್ಕಳಿಗೆ ನೋಡಲು ಚಂದ ಅಂತ, ಹೀಗೆ ತಾನಾಗಿ ಸಮಕ್ಕೆ ಬಾರದ ಫೈಟರ್ ಜೆಟ್ ಮಾಡೆಲ್ ಕೊಡಿಸುವುದು ನನಗೆ ನಿಜಕ್ಕೂ ಬೇಜಾರು. ಎರಡನೇ ದಿನಕ್ಕೆ ಥರ್ಮಾಕೋಲ್ ಚೂರು, ಮೂರನೇ ದಿನಕ್ಕೆ ಆಸೆಯೂ ಮುಗಿಯಿತು.

ಕಲಿಸುವವರಿಗೂ ಒಂದು ಮಾತು. ನನಗೆ ಕಲಿಸಿದವರು ಒಳ್ಳೆಯವರೇ, ಆದರೆ ವಿಮಾನ ಸ್ವಲ್ಪ ಅಲ್ಲಾಡಿದರೂ ಕೈಯಿಂದ ರಿಮೋಟ್ ಕಿತ್ತುಕೊಳ್ಳುತ್ತಿದ್ದರು. ಆರು ತಿಂಗಳಾದರೂ ನನಗೆ ಒಂದು ಲ್ಯಾಂಡಿಂಗ್ ಬರಲಿಲ್ಲ. ಈಗ ನಾನು ಎರಡು ರಿಮೋಟ್ ಜೋಡಿಸಿಕೊಳ್ಳುತ್ತೇನೆ, ವಿಮಾನದ ಹಿಡಿತವನ್ನು ಒಂದು ರಿಮೋಟಿನಿಂದ ಇನ್ನೊಂದಕ್ಕೆ ಬದಲಿಸುವ ಟ್ರೈನರ್ ಸ್ವಿಚ್ ನನ್ನ ಬೆರಳಲ್ಲಿ. ನಿಜವಾಗಿ ಬೀಳುವ ಹಾಗಾದರೆ ಮಾತ್ರ ನಾನು ತೆಗೆದುಕೊಳ್ಳುತ್ತೇನೆ. ಎಡ-ಬಲದ ಗೊಂದಲಕ್ಕೆ ಹೇಳುವುದು ಒಂದೇ: ವಿಮಾನ ನಿನ್ನ ಕಡೆ ಬರುವಾಗ ಯಾವ ರೆಕ್ಕೆ ಕೆಳಗಾಗಿದೆಯೋ ಸ್ಟಿಕ್ಕನ್ನು ಆ ಕಡೆಗೇ ತಳ್ಳು, ಬಗ್ಗಿದ ಬಾಳೆಗೆ ಊರುಗೋಲು ಕೊಟ್ಟ ಹಾಗೆ. ಮನೆಯಲ್ಲಿ ಕಂಪ್ಯೂಟರ್ ಸಿಮ್ಯುಲೇಟರಿನಲ್ಲಿ ಇದನ್ನೇ ನೂರು ಸಲ ಮಾಡಿ ಬಂದರೆ ಗದ್ದೆಯಲ್ಲಿ ಕೆಲಸ ಅರ್ಧ ಆದ ಹಾಗೆ.

"ಮಲ್ಪೆ ಬೀಚಲ್ಲೇ ಹಾರಿಸಬಹುದಲ್ವಾ?" ಅಂತ ತುಂಬ ಜನ ಕೇಳುತ್ತಾರೆ. ಬೇಡ. ಅಲ್ಲಿ ಜನ, ಮಕ್ಕಳು. ತಿರುಗುವ ಪ್ರೊಪೆಲ್ಲರ್ ಬೆರಳು ಕತ್ತರಿಸುತ್ತದೆ. ಉಪ್ಪು ಮರಳು ಮೋಟಾರ್ ಒಳಗೆ ಹೋದರೆ ಅದೂ ಹಾಳು. ಮಂಗಳೂರಿನವರು ಬಜ್ಪೆ ವಿಮಾನ ನಿಲ್ದಾಣ ಹತ್ತಿರ ಇದೆ ಎನ್ನುವುದನ್ನು ಮರೆಯಬೇಡಿ. 2021ರ ಡ್ರೋನ್ ನಿಯಮಗಳು ನಮ್ಮ ಮಾಡೆಲ್‌ಗಳಿಗೂ ಅನ್ವಯಿಸುತ್ತವೆ. ಸರ್ಕಾರದ ಡ್ರೋನ್ ನಕ್ಷೆಯಲ್ಲಿ ಹಸಿರು ವಲಯ (ಹಾರಿಸಲು ಅಡ್ಡಿಯಿಲ್ಲದ ಜಾಗ) ನೋಡಿಕೊಂಡೇ ಜಾಗ ಹುಡುಕಿ.

ಹೊತ್ತೂ ಮುಖ್ಯ. ಬೆಳಿಗ್ಗೆ ಏಳರಿಂದ ಒಂಬತ್ತು ನಮ್ಮ ಕರಾವಳಿಯಲ್ಲಿ ಹೊಸಬರಿಗೆ ಚಿನ್ನದಂಥ ಹೊತ್ತು. ಆಮೇಲೆ ಕಡಲಗಾಳಿ ಏಳುತ್ತದೆ. ಇಳಿಸುವಾಗ ಗಾಳಿಗೆ ಹೆದರಿ ಸ್ಟಿಕ್ ಎಳೆಯುತ್ತಾರೆ, ಮೂಗು ಮೇಲಾಗಿ ವೇಗ ಸಾಯುತ್ತದೆ, ಒಂದು ಕಡೆಯ ರೆಕ್ಕೆ ಕೆಳಗಾಗಿ ವಿಮಾನ ನೇರ ನೆಲಕ್ಕೆ.

ಅವತ್ತು ಮೂರನೇ ಬ್ಯಾಟರಿಯಲ್ಲಿ ಹುಡುಗಿ ಗಾಳಿಗೆ ಎದುರಾಗಿ ತಿರುಗಿಸಿ, ಥ್ರಾಟಲ್ (ಮೋಟಾರಿನ ವೇಗ) ಇಳಿಸಿ, ಸ್ಟಿಕ್ ಎಳೆಯದೆ ಕಾದಳು. ವಿಮಾನ ಕೂಳೆಯ ಮೇಲೆ ಸರ್ರನೆ ಜಾರಿ ನಿಂತಿತು. ಓಡಿ ಹೋಗಿ, ನಾನು ಹೇಳುವ ಮೊದಲೇ ಬ್ಯಾಟರಿ ಕಳಚಿ, ಪ್ರೊಪೆಲ್ಲರಿಗೆ ಅಂಟಿದ್ದ ಮಣ್ಣನ್ನು ಹೆಬ್ಬೆರಳಲ್ಲಿ ಉಜ್ಜಿ ತೆಗೆದಳು.

"ಅಂಕಲ್, ಇನ್ನೊಂದು ಬ್ಯಾಟರಿ ಉಂಟಾ?"

ಇತ್ತು. ಆದರೆ ತೆಂಗಿನ ಗರಿಗಳು ಅಲ್ಲಾಡಲು ಶುರುವಾಗಿತ್ತು. ಮುಂದಿನ ಭಾನುವಾರ ಅಂದೆ.