ಸತ್ಯಾಂಶ: ಚರ್ಮದ ಸೈಕಲ್ ಸೀಟನ್ನು ಎಣ್ಣೆಯಲ್ಲಿ ನೆನೆಸಬೇಕಾ?

‘ಹೊಸ ಚರ್ಮದ ಸೀಟನ್ನು ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಸಿಡಿ, ಬೆಳಗ್ಗೆ ಮೆತ್ತಗಾಗಿರುತ್ತದೆ’ ಅನ್ನುವ ಮೆಸೇಜ್ ಓಡಾಡುತ್ತಿದೆ. ದಯವಿಟ್ಟು ಹಾಗೆ ಮಾಡಬೇಡಿ.

ಇಂಗ್ಲೆಂಡಿನ ಬ್ರೂಕ್ಸ್ ಕಂಪನಿಯ ಬಿ17 ಥರದ ಚರ್ಮದ ಸೀಟಿನಲ್ಲಿ ಸ್ಪಂಜ್ ಇರುವುದಿಲ್ಲ. ದಪ್ಪ ಚರ್ಮವನ್ನು ಹಿಂದೆ ಮುಂದೆ ಲೋಹದ ಚೌಕಟ್ಟಿಗೆ ಎಳೆದು ಬಿಗಿದಿರುತ್ತಾರೆ. ಆ ಬಿಗಿಯೇ ನಮ್ಮ ಭಾರ ಹೊರುವುದು. ಎಣ್ಣೆ ಜಾಸ್ತಿ ಕುಡಿದರೆ ಚರ್ಮ ಸಡಿಲವಾಗಿ ಜೋತುಬೀಳುತ್ತದೆ. ಆಮೇಲೆ ಸೀಟಿನ ಮುಂದಿನ ಮೂತಿಯ ಕೆಳಗೆ ಚರ್ಮ ಬಿಗಿಮಾಡಲು ಇರುವ ಬೋಲ್ಟ್ ತಿರುಗಿಸಿದರೂ ಮೊದಲಿನ ಆಕಾರ ಬರುವುದು ಕಷ್ಟ.

ಓಡಿಸುತ್ತಾ ಹೋದಂತೆ ಕೂರುವ ಮೂಳೆಗಳ ಜಾಗದಲ್ಲಿ ತಾನಾಗಿಯೇ ಸಣ್ಣ ಗುಳಿ ಬೀಳುತ್ತದೆ. ಅದಕ್ಕೆ ಬೇಕಾದದ್ದು ತಾಳ್ಮೆ, ಜೊತೆಗೆ ಆಗಾಗ ತೆಳ್ಳಗೆ ಸವರಿದ ಚರ್ಮದ ಮೇಣ, ಅಷ್ಟೇ. ಆದರೂ ನೋವು ಹೋಗದಿದ್ದರೆ ಸೀಟಿನ ಅಗಲ ನೋಡಿ. ಮೂಳೆಗಳ ನಡುವಿನ ಅಂತರಕ್ಕಿಂತ ಸೀಟು ಕಿರಿದಾಗಿದ್ದರೆ, ಚರ್ಮ ಎಷ್ಟು ಪಳಗಿದರೂ ಪ್ರಯೋಜನವಿಲ್ಲ.