ಕೈಮರಕ್ಕೆ ಎಣ್ಣೆಸ್ನಾನ

ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿ ಕರಿ ಮ್ಯಾಲೆಟ್ ಅಂತೊಂದು ಹಳ್ಳಿ. ಅದರ ಮಗ್ಗುಲಿಗೇ ಬಿಯರ್ ಕ್ರೋಕಂಬ್. ಸಾರಿಗೂ ಸಾರಾಯಿಗೂ ಈ ಹೆಸರುಗಳಿಗೂ ಸಂಬಂಧವಿಲ್ಲ ಅಂತ ಎಷ್ಟು ಹೇಳಿದರೂ, ಹಾಸನದಿಂದ ಬಂದಿದ್ದ ಅಮ್ಮ ಒಪ್ಪಲಿಲ್ಲ. “ಅಕ್ಕಪಕ್ಕ ಇಟ್ಟಿದಾರೆ ಅಂದ್ಮೇಲೆ ಯೋಚನೆ ಮಾಡೇ ಇಟ್ಟಿರ್ತಾರೆ” ಅಂದಳು.

ಈ ಎರಡೂ ಊರಿಗೆ ದಾರಿ ತೋರಿಸುತ್ತಾ ನಮ್ಮ ಮನೆ ಹತ್ತಿರ ಒಂದು ಹಳೇ ಕೈಮರ ನಿಂತಿದೆ. ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹೋಗುವಾಗ ಕೈಮರ ಅಂತ ಊರೇ ಸಿಗುತ್ತಲ್ಲ, ಅದೇ ಕೈಮರ. ಇಲ್ಲಿಯದರಲ್ಲಿ ಮರವಿಲ್ಲ, ಕೈಯೂ ಕಂಬವೂ ಬೀಡುಕಬ್ಬಿಣ. 1940ರಲ್ಲಿ ಜರ್ಮನ್ ಸೈನಿಕರು ಬಂದಿಳಿದರೆ ದಾರಿ ಗೊತ್ತಾಗಬಾರದು ಅಂತ ಈ ದೇಶದಲ್ಲಿ ಕೈಮರಗಳನ್ನು ಕಿತ್ತು ಬಚ್ಚಿಟ್ಟಿದ್ದರು. ಯುದ್ಧ ಮುಗಿದ ಮೇಲೆ ಮತ್ತೆ ನಿಲ್ಲಿಸಿದರು. 1963ರಲ್ಲಿ ವರ್ಬಾಯ್ಸ್ ಸಮಿತಿ ಹೊಸ ನಮೂನೆಯ ಫಲಕ ಬರಲಿ ಅಂದಮೇಲೆ ಎಷ್ಟೋ ಗುಜರಿಗೆ ಹೋದವು. ಹಿಟ್ಲರನಿಂದಲೂ ಸಮಿತಿಯಿಂದಲೂ ಬಚಾವಾದ ಈ ಮುದುಕ ಕೊನೆಗೆ ಸಿಕ್ಕಿಬಿದ್ದದ್ದು ನನ್ನ ಕೈಗೆ.

ಬಣ್ಣ ಬಳಿಯುವುದಕ್ಕೆ ಯಾರು ಬರುತ್ತೀರಿ ಅಂತ ಪಕ್ಕದ ಮನೆಯ ತಾತ ಕೇಳಿದಾಗ ಕೈ ಎತ್ತಿದವನು ನಾನೊಬ್ಬನೇ. ಅನುಮತಿ ಪಡೆದು, ಎರಡೂ ಕೈ ಬಿಚ್ಚಿ, ಕಾರಿಗೆ ಹೇರಿ ತಂದೆವು. “ಬೀಳಿಸಬೇಡ, ಬೀಡು ಬಾಗೋದಿಲ್ಲ, ಮುರಿಯುತ್ತೆ” ಅಂತ ತಾತ ಎಚ್ಚರಿಸಿದ್ದೇ ತಡ, ನನ್ನ ಅಂಗೈ ಬೆವರಿ ಫಲಕ ಜಾರಿತು. ಮುರಿಯಲಿಲ್ಲ. ಕೆಳಗೆ ನನ್ನ ಹೆಬ್ಬೆರಳು ಮೆತ್ತಗಿತ್ತಲ್ಲ.

ಹಳೇ ಬಣ್ಣದಲ್ಲಿ ಸೀಸವಿರುವುದರಿಂದ ಒಣಗಿದ್ದನ್ನು ಸುಮ್ಮನೆ ಉಜ್ಜುವ ಹಾಗಿಲ್ಲ, ಧೂಳು ಮೂಗಿಗೆ ಹೋಗುತ್ತದೆ. ಮಾಸ್ಕ್ ಕಟ್ಟಿಕೊಂಡು, ಬಣ್ಣ ಮೆತ್ತಗಾಗುವ ಲೇಪ ಹಚ್ಚಿ, ಪದರ ಪದರವಾಗಿ ಕೆರೆಯಬೇಕು. “ರೀ, ಆ ಬಟ್ಟೇಲಿ ಒಳಗೆ ಕಾಲಿಟ್ಟರೆ ನೋಡಿ” ಅಂತ ಹೆಂಡತಿ ಗ್ಯಾರೇಜಿನ ಬಾಗಿಲಲ್ಲೇ ಗಡಿ ಎಳೆದಳು. ಮೂರು ಶನಿವಾರ ಅಲ್ಲೇ ಊಟ. ಕೊನೆಗೊಂದು ಸಂಜೆ ಉಬ್ಬಕ್ಷರಗಳ ಅಂಚು ಚೂಪಾಗಿ ಎದ್ದು, ಬೂದುಬಣ್ಣದ ಬೀಡು ಬರಿಮೈಯಲ್ಲಿ ಹೊಳೆಯಿತು. ಇಲ್ಲಿಯ ತೇವಕ್ಕೆ ಬರಿಮೈ ಬಿಟ್ಟರೆ ಬೆಳಗಾಗುವುದರೊಳಗೆ ಕೆಂಪು ತುಕ್ಕು. ಆಗ ನೋಡಿದರೆ ಪ್ರೈಮರ್ ಡಬ್ಬಿ ಖಾಲಿ. ಅಂಗಡಿಗೆ ಓಡಿದೆ.

ವಾಪಸ್ ಬಂದಾಗ ಗ್ಯಾರೇಜಿನಲ್ಲಿ ಘಮಘಮ. ಅಮ್ಮ ಸ್ಟೂಲು ಹಾಕಿಕೊಂಡು, ಅರ್ಧ ಈರುಳ್ಳಿಯನ್ನು ಫೋರ್ಕಿಗೆ ಚುಚ್ಚಿ, ಬಟ್ಟಲಿನ ಎಣ್ಣೆಗೆ ಅದ್ದಿ ಅದ್ದಿ ಕರಿ ಮ್ಯಾಲೆಟ್‌ಗೆ ತಿಕ್ಕುತ್ತಿದ್ದಳು. ಬಿಯರ್ ಕ್ರೋಕಂಬ್ ಆಗಲೇ ಮುಗಿದು ಫಳಫಳ ಅನ್ನುತ್ತಿತ್ತು.

“ಬೀಡಿನ ಕಾವಲೀನ ಯಾರಾದ್ರೂ ತೊಳೆದು ಹಾಗೇ ಬಿಡ್ತಾರೇನೋ? ನಲವತ್ತು ವರ್ಷದಿಂದ ಒಂದೇ ಕಾವಲಿ ಇಟ್ಕೊಂಡಿದೀನಿ ನಾನು!”

ಲೋಹಶಾಸ್ತ್ರದ ಪ್ರಕಾರ ಅವಳದ್ದೇ ಸರಿ, ಎಣ್ಣೆ ಇದ್ದರೆ ತುಕ್ಕಿಲ್ಲ. ಆದರೆ ದೋಸೆ ಸಲೀಸಾಗಿ ಏಳಲಿ ಅಂತ ಮಾಡುವ ಉಪಾಯ ಬಣ್ಣವನ್ನೂ ಅಷ್ಟೇ ಸಲೀಸಾಗಿ ಏಳಿಸುತ್ತದೆ. ಅವಳ ಮುಖ ನೋಡಿ ಬಾಯಿ ಬರಲಿಲ್ಲ. ಅವಳು ಮಲಗಿದ ಮೇಲೆ ಬಟ್ಟೆಯಲ್ಲಿ ಒರೆಸಿ ಪ್ರೈಮರ್ ಬಳಿದೆ. ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಅದು ಹನಿ ಹನಿಯಾಗಿ ಉರುಳಾಡಿತು. ಮತ್ತೆ ಕೆರೆದು, ವೈಟ್ ಸ್ಪಿರಿಟ್‌ನಲ್ಲಿ ಮೂರು ಸಲ ಒರೆಸಿ, ಪ್ರೈಮರ್, ಬಿಳಿ ಬಣ್ಣ ಎಲ್ಲ ಮುಗಿಯುವಷ್ಟರಲ್ಲಿ ಇನ್ನೆರಡು ಶನಿವಾರ ಹೋದವು.

ಅಕ್ಷರಗಳಿಗೆ ಕಪ್ಪು ಬಣ್ಣ. ನನ್ನ ರೋಲರು ಮೈಲಿ ಲೆಕ್ಕದ 1¾ರ ಮೇಲೆ ಉರುಳಿದ್ದೇ ತಡ, ಮುಕ್ಕಾಲು ಅನ್ನುವುದು ಒಂದು ಕಪ್ಪು ಜಿರಳೆಯಾಯಿತು. “ಕೊಡಿಲ್ಲಿ” ಅಂತ ಅಮ್ಮ ಕುಂಚ ಕಿತ್ತುಕೊಂಡಳು. ರಂಗೋಲಿ ಎಳೆದ ಕೈ, ಒಂದು ಹನಿ ಆಚೀಚೆ ಹೋಗಲಿಲ್ಲ.

ಭಾನುವಾರ ತಾತ, ನಾನು ಏಣಿ ಹತ್ತಿ ಬೋಲ್ಟು ಬಿಗಿದು, ಫೋಟೋಕ್ಕೆ ನಿಂತೆವು. ಕ್ಯಾಮೆರಾ ಹಿಡಿದಿದ್ದ ಅಮ್ಮ ಕಣ್ಣು ಕಿರಿದು ಮಾಡಿದಳು. “ಅಲ್ವೋ, ಬಿಯರು ಚರ್ಚ್ ಕಡೆಗಲ್ವಾ ಇದ್ದಿದ್ದು?”

ಕೈಗಳು ಅದಲುಬದಲು! ತಾತನಿಗೆ ಅನುವಾದಿಸಿ ಹೇಳಿದೆ. ಅವರು ಮೇಲೆ ನೋಡಿ ನಿಟ್ಟುಸಿರು ಬಿಟ್ಟರು: “ಜರ್ಮನರು ಈಗ ಬರಬೇಕಿತ್ತು.”

ನಾನು ಸ್ಪ್ಯಾನರಿಗೆ ಓಡುವಷ್ಟರಲ್ಲಿ ಕಾರೊಂದು ಬಂದು ನಿಧಾನ ಮಾಡಿತು. ಒಳಗಿದ್ದ ದಂಪತಿ ಹೊಸ ಬಣ್ಣದ ಫಲಕ ಓದಿ, ಅಮ್ಮನತ್ತ ಹೆಬ್ಬೆರಳೆತ್ತಿ ಮೆಚ್ಚುಗೆ ತೋರಿಸಿ, ತಪ್ಪು ದಾರಿಗೆ ತಿರುಗಿಕೊಂಡರು.