ಟೆಂಡರ್‌ನಲ್ಲಿ ಬರೆದದ್ದೇ ನೆಲದಡಿ ಹೂತದ್ದು

ಪಂಚಾಯ್ತಿ ಕಚೇರಿಯ ಗೋಡೆಗೆ ಹೊಡೆದ ಒಎನ್‌ಟಿ ಡಬ್ಬಿಯಲ್ಲಿ (ಫೈಬರ್‌ನ ಬೆಳಕನ್ನು ಇಂಟರ್ನೆಟ್ ಸಂಪರ್ಕವಾಗಿ ಬದಲಿಸುವ ಉಪಕರಣ) ಸಿಗ್ನಲ್ ಬರುತ್ತಿಲ್ಲ ಎಂದು ತಿಳಿಸುವ ‘ಎಲ್‌ಒಎಸ್’ ದೀಪ ಕೆಂಪಗೆ ಮಿಣುಕುತ್ತಿದ್ದರೆ ಬೈಗುಳ ತಿನ್ನುವುದು ಲೈನ್‌ಮನ್. ಆ ದೀಪ ಕೆಂಪಾಗುವುದು ಬಹುಮಟ್ಟಿಗೆ ದೆಹಲಿಯಲ್ಲಿ ಟೆಂಡರ್ ಬರೆದ ದಿನವೇ ತೀರ್ಮಾನವಾಗಿರುತ್ತದೆ. ಗ್ರಾಮ ಪಂಚಾಯ್ತಿಗಳಿಗೆ ಫೈಬರ್ ಇಂಟರ್ನೆಟ್ ಕೊಡುವ ಕೇಂದ್ರದ ಭಾರತ್‌ನೆಟ್ ಯೋಜನೆಯನ್ನು ಮೊದಲಿನಿಂದ ನೋಡಿದರೆ ಇದು ಅರ್ಥವಾಗುತ್ತದೆ.

2011ರ ಅಕ್ಟೋಬರ್‌ನಲ್ಲಿ ಎನ್‌ಒಎಫ್‌ಎನ್ (ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ) ಹೆಸರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಾಗ ಗುರಿ ಸರಳವಾಗಿತ್ತು: ಸುಮಾರು 2.5 ಲಕ್ಷ ಗ್ರಾಮ ಪಂಚಾಯ್ತಿಗಳಿಗೆ ತಲಾ 100 ಎಂಬಿಪಿಎಸ್. ದುಡ್ಡು ಉಳಿಸಲು ಬ್ಲಾಕ್ ಮಟ್ಟದ ಎಕ್ಸ್‌ಚೇಂಜ್‌ನಿಂದ ಒಂದಷ್ಟು ದೂರ ಬಿಎಸ್‌ಎನ್‌ಎಲ್‌ನ ಹಳೇ ಫೈಬರ್ ಬಳಸಬೇಕು, ಅಲ್ಲಿಂದ ಪಂಚಾಯ್ತಿವರೆಗೆ ಮಾತ್ರ 24 ಫೈಬರ್ ಎಳೆಗಳಿರುವ ಹೊಸ ಕೇಬಲ್ ಎಳೆಯಬೇಕು. ಪ್ರಗತಿ ಅಳೆಯುತ್ತಿದ್ದದ್ದು ಎಷ್ಟು ಪಂಚಾಯ್ತಿ ‘ಸರ್ವಿಸ್ ರೆಡಿ’ (ಸೇವೆಗೆ ಸಿದ್ಧ) ಆಯಿತು ಅನ್ನುವ ಲೆಕ್ಕದಲ್ಲಿ. ಈ ಲೆಕ್ಕಕ್ಕೆ ಹೇಳಿ ಮಾಡಿಸಿದ ತಂತ್ರಜ್ಞಾನ ಜಿಪಾನ್, ಅಂದರೆ ಒಂದೇ ಫೈಬರ್‌ನ ಬೆಳಕನ್ನು ಹಲವರಿಗೆ ಹಂಚುವ ವ್ಯವಸ್ಥೆ. ದಾರಿ ಮಧ್ಯೆ ಕರೆಂಟೇ ಬೇಡದ ಸ್ಪ್ಲಿಟರ್ ಇಟ್ಟು ಒಂದೇ ಎಳೆಯನ್ನು ನಾಲ್ಕಾರು ಪಂಚಾಯ್ತಿಗೆ ಹಂಚಬಹುದು, ಅಗ್ಗ, ಬೇಗ. ಮರದ ಕೊಂಬೆಯಂತೆ ಹೋದ ಜಾಲ, ಪ್ರತಿ ಪಂಚಾಯ್ತಿಗೂ ಒಂದೇ ದಾರಿ.

ಜಿಪಾನ್ ಕೆಟ್ಟದ್ದಲ್ಲ, ಊರಿನ ಮನೆ ಮನೆ ಫೈಬರ್ ಓಡುತ್ತಿರುವುದೇ ಅದರ ಮೇಲೆ. ತೊಂದರೆ ಇರುವುದು ದಾರಿಯಲ್ಲಿ ಎಷ್ಟು ಬೆಳಕು ಕಳೆದುಹೋಗುತ್ತದೆ ಅನ್ನುವ ಲೆಕ್ಕದಲ್ಲಿ, ಅದನ್ನು ಅಳೆಯುವುದು ಡೆಸಿಬೆಲ್‌ (ಡಿಬಿ)ನಲ್ಲಿ. ಬಿ-ಪ್ಲಸ್ ದರ್ಜೆಯ ಜಿಪಾನ್ ಒಟ್ಟು 28 ಡಿಬಿ ನಷ್ಟ ತಡೆಯುತ್ತದೆ. 20 ಕಿ.ಮೀ. ಫೈಬರ್‌ಗೆ ಕಿ.ಮೀ.ಗೆ 0.35ರಂತೆ 7 ಡಿಬಿ ಹೋಯಿತು, ಒಂದಕ್ಕೆ ನಾಲ್ಕರ ಸ್ಪ್ಲಿಟರ್‌ಗೆ ಇನ್ನೊಂದು 7, ಕನೆಕ್ಟರ್‌ಗಳಿಗೆ ಒಂದೆರಡು. ಕಾಗದದ ಮೇಲೆ ಇನ್ನೂ ಹತ್ತು ಡಿಬಿ ಮೇಲೆಯೇ ಉಳಿಯುತ್ತದೆ. ಆದರೆ ಹಳೇ ಕೇಬಲ್ ಒಮ್ಮೆ ಕಡಿದರೆ ನಡುವೆ ತುಂಡು ಸೇರಿಸಿ ಎರಡು ಕಡೆ ಜಾಯಿಂಟ್ ಮಾಡಬೇಕು. ಚೆನ್ನಾಗಿ ಬೆಸೆದರೆ ಒಂದು ಜಾಯಿಂಟ್‌ಗೆ 0.1 ಡಿಬಿ, ಮಳೆಯಲ್ಲಿ ರಸ್ತೆ ಬದಿ ಕೂತು ಅವಸರದಲ್ಲಿ ಮಾಡಿದರೆ 0.5. ಜಾಯಿಂಟ್ ಡಬ್ಬಿಗೆ ನೀರಿಳಿದರೆ ಕೇಳುವುದೇ ಬೇಡ. ಹತ್ತಾರು ಸಲ ಕಡಿಸಿಕೊಂಡ ಮಾರ್ಗದಲ್ಲಿ ಒಎನ್‌ಟಿಗೆ ತಲುಪುವ ಬೆಳಕು, ಅದು ಗ್ರಹಿಸಬಲ್ಲ ಕನಿಷ್ಠ ಮಟ್ಟವಾದ ಮೈನಸ್ 27 ಡಿಬಿಎಂಗಿಂತ ಕೆಳಗೆ ಹೋಗುತ್ತದೆ, ದೀಪ ಕೆಂಪಾಗುತ್ತದೆ.

ಕಡಿಯುವುದಾದರೂ ಯಾಕೆ? ನಿಯಮದ ಪ್ರಕಾರ ಕೇಬಲ್ 1.65 ಮೀಟರ್ ಆಳದಲ್ಲಿರಬೇಕು. ಬಂಡೆ ಸಿಕ್ಕಿದ ಕಡೆ ಆಳ ಕಡಿಮೆ ಮಾಡಿ, ಮೇಲೆ ಜಿಐ ಪೈಪ್ ಅಥವಾ ಕಾಂಕ್ರೀಟ್ ರಕ್ಷಣೆ ಕೊಡಬೇಕು. ಆ ರಕ್ಷಣೆ ಇಲ್ಲದೆ ಮುಚ್ಚಿದ ಜಾಗಕ್ಕೆ ನಲ್ಲಿ ಪೈಪ್ ಹಾಕುವ ಜೆಸಿಬಿ ಬಂದಾಗ ಮುಗಿಯಿತು. ಅಗೆಯುವವರು ಕೇಬಲ್ ಮಾಲೀಕರಿಗೆ ಮೊದಲೇ ತಿಳಿಸಲೆಂದು ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಬಂದದ್ದು 2023ರ ಮಾರ್ಚ್‌ನಲ್ಲಿ, ಮೊದಲ ಹಂತದ ಒಂದು ಲಕ್ಷ ಪಂಚಾಯ್ತಿ ಮುಗಿದು ಐದು ವರ್ಷದ ಮೇಲೆ!

ಇದೇ ಯೋಜನೆಯಿಂದ ಆದ ಒಳ್ಳೆಯದನ್ನೂ ಹೇಳಬೇಕು. ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಇಲ್ಲೇ ಜಿಪಾನ್ ಉಪಕರಣ ರೂಪಿಸಿ ಹಲವು ತಯಾರಕರಿಗೆ ತಂತ್ರಜ್ಞಾನ ಕೊಟ್ಟಿತು, ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನ ಉಪಕರಣಗಳೂ ಈ ಜಾಲಕ್ಕೆ ಹೋದವು. ಕೊಳ್ಳುವ ಸರ್ಕಾರ ಇಲ್ಲದಿದ್ದರೆ ಆ ಇಂಜಿನಿಯರಿಂಗ್ ಪ್ರಯೋಗಾಲಯದಲ್ಲೇ ಉಳಿಯುತ್ತಿತ್ತು.

2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ ತಿದ್ದುಪಡಿ ಯೋಜನೆ, ಮೊತ್ತ 1,39,579 ಕೋಟಿ ರೂಪಾಯಿ, ಟೆಂಡರ್‌ನ ಬರವಣಿಗೆಯನ್ನೇ ಬದಲಿಸಿತು. ಕೊಂಬೆಯ ಬದಲು ರಿಂಗ್, ಪಂಚಾಯ್ತಿಯಲ್ಲಿ ಡೇಟಾಗೆ ದಾರಿ ತೋರಿಸುವ ಐಪಿ-ಎಂಪಿಎಲ್‌ಎಸ್ ರೂಟರ್. ಒಂದು ಕಡೆ ಕಡಿದರೆ ಟ್ರಾಫಿಕ್ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ. ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಹಣ ಕೊಡುವ ಷರತ್ತು. ಕಟ್ಟಿದವರೇ ಹತ್ತು ವರ್ಷ ನಿರ್ವಹಿಸಬೇಕು. ಮೊದಲ ಐದು ವರ್ಷ ನಿರ್ಮಾಣ ವೆಚ್ಚದ 5.5%, ಆಮೇಲಿನ ಐದು ವರ್ಷ 6.5% ಪ್ರತಿ ವರ್ಷ ಸಿಗುತ್ತದೆ. ಕೆಟ್ಟ ಜಾಯಿಂಟ್ ಮಾಡಿದವರೇ ಅದನ್ನು ಮತ್ತೆ ಅಗೆದು ಸರಿಪಡಿಸಬೇಕಾದಾಗ ಮೊದಲ ಸಲವೇ ಡಬ್ಬಿ ಸರಿಯಾಗಿ ಮುಚ್ಚುತ್ತಾರೆ.

ಆದರೂ ಎಚ್ಚರ ಬೇಕು. ನಕ್ಷೆಯಲ್ಲಿ ರಿಂಗ್ ಇದ್ದು, ಎರಡೂ ತೋಳು ಒಂದೇ ರಸ್ತೆಯ ಒಂದೇ ಗುಂಡಿಯಲ್ಲಿ ಹೋದರೆ ಜೆಸಿಬಿಯ ಒಂದೇ ಏಟಿಗೆ ಎರಡೂ ಹೋಗುತ್ತವೆ. ಮಲೆನಾಡಿನಲ್ಲಿ ಎಷ್ಟೋ ಊರಿಗೆ ಇರುವುದೇ ಒಂದು ರಸ್ತೆ, ಅಲ್ಲಿ ಎರಡನೇ ತೋಳನ್ನು ವಿದ್ಯುತ್ ಕಂಬಗಳ ಮೇಲೆ ಎಳೆಯಲು ಅವಕಾಶ ಕೊಡಲೇಬೇಕು. ಇನ್ನೊಂದು, ಕರೆಂಟ್. ಕಚೇರಿ ಬೀಗ ಹಾಕುವಾಗ ಮೇನ್ ಸ್ವಿಚ್ ಆರಿಸುವ ಪಂಚಾಯ್ತಿಯಲ್ಲಿ ರೂಟರ್‌ಗೆ ಪ್ರತ್ಯೇಕ ಲೈನ್ ಮತ್ತು ಬ್ಯಾಟರಿ ಇಲ್ಲದಿದ್ದರೆ ಸಂಜೆ ಐದೂವರೆಗೆ ರಿಂಗ್‌ನ ಒಂದು ಕೊಂಡಿ ಕಳಚಿದಂತೆ. ಅಂಥ ಎರಡು ಕಚೇರಿ ಒಟ್ಟಿಗೆ ಆರಿದರೆ ನಡುವಿನ ಊರುಗಳೆಲ್ಲ ಕತ್ತಲು.

ನಿಮ್ಮೂರಲ್ಲಿ ಕೆಲಸ ಶುರುವಾಗಿದ್ದರೆ ಗ್ರಾಮ ಸಭೆಯಲ್ಲಿ ಪಿಡಿಒ ಅವರನ್ನು ಕೇಳಿ: ಎರಡು ಕೇಬಲ್ ಯಾವ ಯಾವ ದಾರಿಯಲ್ಲಿ ಬರುತ್ತಿವೆ? ಗುಂಡಿ ಮುಚ್ಚುವ ಮೊದಲು ಆಳ ಅಳೆದು ಫೋಟೋ ತೆಗೆದಿದ್ದಾರಾ? ರೂಟರ್‌ಗೆ ಬೇರೆ ಎಂಸಿಬಿ (ಕರೆಂಟ್ ಸ್ವಿಚ್) ಇದೆಯಾ? ಗುಂಡಿ ಮುಚ್ಚಿದ ಮೇಲೆ ಕೇಳಿ ಪ್ರಯೋಜನವಿಲ್ಲ.